ಒಂದು ಗುಂಡಿ, ನಾಲ್ಕು ಸ್ಥಿತಿ

ಅಂಗಡಿಯಲ್ಲಿ ಸಿಗುವ ಸಣ್ಣ ಟಾರ್ಚನ್ನು ನೀವೆಲ್ಲರೂ ನೋಡಿದ್ದೀರಿ. ಗುಂಡಿಯನ್ನು ಒಮ್ಮೆ ಒತ್ತಿದರೆ ಪ್ರಖರ ಬೆಳಕು, ಮತ್ತೊಮ್ಮೆ ಒತ್ತಿದರೆ ಮಂದ ಬೆಳಕು, ಮೂರನೆಯ ಸಲ ಮಿನುಗು, ನಾಲ್ಕನೆಯ ಸಲ ಕತ್ತಲೆ. ಗುಂಡಿ ಒಂದೇ, ಫಲ ಮಾತ್ರ ಬೇರೆ ಬೇರೆ. ಇದು ಹೇಗೆ ಸಾಧ್ಯ? ಮೈಕ್ರೊಕಂಟ್ರೋಲರ್ ಎಂಬ ಪುಟ್ಟ ಗಣಕವನ್ನು ಬಳಸಿ ಇಂತಹ ದೀಪವನ್ನು ನಾವೇ ಮಾಡಿ ನೋಡೋಣ.

ಇದಕ್ಕೆ ಆರ್ಡುಯಿನೊ ಊನೊ ಎಂಬ ಹಲಗೆ ಸಾಕು. ಕೇರಳದ ಪ್ರೌಢಶಾಲೆಗಳಲ್ಲಿ 2018ರಲ್ಲಿ ಆರಂಭವಾದ ಲಿಟಲ್ ಕೈಟ್ಸ್ ಘಟಕಗಳ ಸದಸ್ಯರಿಗೆ ಇದರ ಪರಿಚಯ ಇದ್ದೀತು. ಹಲಗೆಯ 9ನೆಯ ಪಿನ್ನಿನಿಂದ 220 ಓಮ್ ರೋಧಕದ ಮೂಲಕ ಕೆಂಪು ಎಲ್‌ಇಡಿಯ ಉದ್ದ ಕಾಲಿಗೆ ತಂತಿ ಜೋಡಿಸಿರಿ. ಗಿಡ್ಡ ಕಾಲು ಗ್ರೌಂಡಿಗೆ. ರೋಧಕವೇಕೆ? ಪಿನ್ ಕೊಡುವುದು 5 ವೋಲ್ಟ್, ಎಲ್‌ಇಡಿಗೆ ಸಲ್ಲುವುದು ಸುಮಾರು 2 ವೋಲ್ಟ್. ಉಳಿದ 3 ವೋಲ್ಟನ್ನು 220ರಿಂದ ಭಾಗಿಸಿದರೆ ಸುಮಾರು 14 ಮಿಲಿಆಂಪಿಯರ್ ಪ್ರವಾಹ. ಎಲ್‌ಇಡಿಗೂ ಪಿನ್ನಿಗೂ ಅದು ಕ್ಷೇಮ. ಓಮನ ನಿಯಮವನ್ನು ಪರೀಕ್ಷೆಗೆಂದೇ ಬಾಯಿಪಾಠ ಮಾಡಿದವರು ಗಮನಿಸಬೇಕು.

ಗುಂಡಿಯ ಒಂದು ಕಾಲು 2ನೆಯ ಪಿನ್ನಿಗೆ, ಇನ್ನೊಂದು ಗ್ರೌಂಡಿಗೆ. ಚಿಪ್‌ನೊಳಗೇ ಇರುವ ಒಂದು ರೋಧಕವನ್ನು 'ಇನ್‌ಪುಟ್ ಪುಲ್‌ಅಪ್' ಎಂಬ ಆದೇಶದಿಂದ ಕೆಲಸಕ್ಕೆ ಹಚ್ಚಿದರೆ, ಗುಂಡಿ ಬಿಟ್ಟಾಗ 1 ಎಂದೂ ಒತ್ತಿದಾಗ 0 ಎಂದೂ ಗಣಕ ಓದುತ್ತದೆ. ತಿರುಗುಮುರುಗಾಯಿತೆಂದು ಗಾಬರಿ ಬೇಡ.

ಈಗ ಪ್ರೋಗ್ರಾಮ್. 'ಸ್ಥಿತಿ' ಎಂಬ ಒಂದು ಸಂಖ್ಯೆ ಇರಲಿ. 0 ಎಂದರೆ ಕತ್ತಲೆ, 1 ಪೂರ್ಣ, 2 ಮಂದ, 3 ಮಿನುಗು. ಗುಂಡಿ ಒತ್ತಿದಾಗ ಒಂದು ಕೂಡಿಸುವುದು, 4 ಆದೊಡನೆ ಮತ್ತೆ 0 ಮಾಡುವುದು. ಇಷ್ಟನ್ನೇ ಬರೆದರೆ ದೀಪ ಹುಚ್ಚುಹುಚ್ಚಾಗಿ ವರ್ತಿಸುತ್ತದೆ!

ಕಾರಣವೇನು? ಚಿಪ್‌ನ ಗಡಿಯಾರ ಸೆಕೆಂಡಿಗೆ 1.6 ಕೋಟಿ ಸಲ ಮಿಡಿಯುತ್ತದೆ. ನಮ್ಮ ಬೆರಳು ಗುಂಡಿಯ ಮೇಲೆ ಕ್ಷಣಕಾಲ ನಿಲ್ಲುವಷ್ಟರಲ್ಲಿ ಪ್ರೋಗ್ರಾಮ್ ಸಾವಿರಾರು ಸಲ ಸುತ್ತಿ ಬಂದು, ಪ್ರತಿ ಸಲವೂ "ಒತ್ತಿದೆ" ಎಂದು ಎಣಿಸಿರುತ್ತದೆ. ಆದ್ದರಿಂದ ಹಿಂದಿನ ಓದನ್ನು ನೆನಪಿಟ್ಟುಕೊಂಡು, 1 ಇದ್ದದ್ದು 0 ಆದ ಆ ಗಳಿಗೆಯನ್ನು ಮಾತ್ರ ಎಣಿಸಬೇಕು.

ಅಷ್ಟಾದರೂ ಒಮ್ಮೊಮ್ಮೆ ಎರಡು ಹೆಜ್ಜೆ ಹಾರುತ್ತದೆ. ಸಿಮೆಂಟು ನೆಲಕ್ಕೆ ಬಿದ್ದ ಗೋಲಿ ನಾಲ್ಕಾರು ಸಲ ಪುಟಿದು ನಿಲ್ಲುತ್ತದಷ್ಟೆ? ಗುಂಡಿಯೊಳಗಿನ ಲೋಹದ ತುಂಡುಗಳೂ ಕೆಲವು ಮಿಲಿಸೆಕೆಂಡು ಹಾಗೆಯೇ ಪುಟಿಯುತ್ತವೆ. ನಮ್ಮ ಕಣ್ಣಿಗೆ ಅದು ಕಾಣದು, ಗಣಕಕ್ಕೆ ಕಾಣುತ್ತದೆ. ಓದು 50 ಮಿಲಿಸೆಕೆಂಡು ಕದಲದೆ ನಿಂತರೆ ಮಾತ್ರ ನಂಬು ಎಂದು ಬರೆದರೆ ಈ ತೊಂದರೆ ತೀರಿತು.

ದೀಪದಲ್ಲಿ ಇದು ಚಿಲ್ಲರೆ ವಿಷಯವೆನ್ನಬಹುದು. ಆದರೆ ಮತಯಂತ್ರದಲ್ಲಿ? 1982ರಲ್ಲಿ ಕೇರಳದ ಪರವೂರು ವಿಧಾನಸಭಾ ಕ್ಷೇತ್ರದ 50 ಮತಗಟ್ಟೆಗಳಲ್ಲಿ ಭಾರತದ ಚುನಾವಣೆಯಲ್ಲಿ ಮೊದಲ ಬಾರಿಗೆ ವಿದ್ಯುನ್ಮಾನ ಮತಯಂತ್ರ ಬಳಕೆಯಾಯಿತು. ಈಗಿನ ಯಂತ್ರದಲ್ಲಿ ಮತದಾರ ಎಷ್ಟು ಸಲ ಒತ್ತಿದರೂ, ಅಧಿಕಾರಿ ತಮ್ಮ ಗುಂಡಿಯನ್ನು ಮತ್ತೆ ಒತ್ತುವವರೆಗೆ ಎರಡನೆಯ ಮತ ದಾಖಲಾಗದು.

ಮಂದ ಬೆಳಕಿಗೆ 255ರಲ್ಲಿ 40ರಷ್ಟು ಎಂದು ಬರೆದರಾಯಿತು. ದೀಪ ಸೆಕೆಂಡಿಗೆ ಸುಮಾರು 490 ಸಲ ಹತ್ತಿ ಆರುತ್ತದೆ, ಕಣ್ಣಿಗೆ ಮಂದವೆನಿಸುತ್ತದೆ. ಮಿನುಗಿಗೆ 'ಡಿಲೇ' ಆದೇಶ ಬಳಸಬೇಡಿರಿ. ಅದು ಮುಗಿಯುವವರೆಗೆ ಪ್ರೋಗ್ರಾಮ್ ಗುಂಡಿಯತ್ತ ನೋಡುವುದೇ ಇಲ್ಲ. 'ಮಿಲ್ಲಿಸ್' ಎಂಬ ಆದೇಶದಿಂದ ಹೊತ್ತು ನೋಡಿಕೊಂಡು, ಅರ್ಧ ಸೆಕೆಂಡು ಕಳೆದಾಗ ದೀಪವನ್ನು ಬದಲಿಸುವುದು ಲೇಸು.

ಹೆತ್ತವರಿಗೊಂದು ಮಾತು: 5 ವೋಲ್ಟಿನಿಂದ ಮಕ್ಕಳಿಗೆ ಆಘಾತದ ಭಯವಿಲ್ಲ. ಆದರೆ ಮನೆಯ 230 ವೋಲ್ಟಿನ ಬಲ್ಬನ್ನು ಈ ಹಲಗೆಗೆ ಜೋಡಿಸಲು ಖಂಡಿತ ಬಿಡಬೇಡಿರಿ.

ಪ್ರೋಗ್ರಾಮ್ ಸರಿಯಾಗಿದೆಯೇ ಎಂದು ತಿಳಿಯಲು ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಸ್ಥಿತಿ ಒಂದೇ ಸಲ ಬದಲಾಗಬೇಕು. ಬಳಿಕ 20 ಸಲ ಒತ್ತಿ ಬಿಡಿರಿ. 20 ನಾಲ್ಕರಿಂದ ನಿಶ್ಶೇಷವಾಗಿ ಭಾಗವಾಗುವುದರಿಂದ ದೀಪ ಹೊರಟ ಸ್ಥಿತಿಗೇ ಬಂದು ನಿಲ್ಲಬೇಕು.