ಶಾರ್ಟ್ ಗೇಮ್ ಗಟ್ಟಿ ಮಾಡಿ: ಅದಿತಿ ಅಶೋಕ್ ಕೆರಿಯರ್ ಕಲಿಸುವ 6 ಸೂತ್ರಗಳು

ಬೆಂಗಳೂರಿನ ಅದಿತಿ ಅಶೋಕ್ 2021ರ ಆಗಸ್ಟ್‌ನಲ್ಲಿ ಟೋಕಿಯೋ ಒಲಿಂಪಿಕ್ಸ್‌ನ ಗಾಲ್ಫ್ ಕಣಕ್ಕೆ ಇಳಿದಾಗ ಅವರ ವಿಶ್ವ ರ‍್ಯಾಂಕ್ 200. ನಾಲ್ಕು ದಿನಗಳ ಆಟ ಮುಗಿದಾಗ ಅವರದು 4ನೇ ಸ್ಥಾನ. ಕಂಚು ತಪ್ಪಿದ್ದು ಒಂದೇ ಸ್ಟ್ರೋಕ್‌ನಿಂದ. ಈ ಕೆರಿಯರ್‌ನಿಂದ ನೀವು ಇವತ್ತೇ ಎತ್ತಿಕೊಳ್ಳಬಹುದಾದ ಪಾಠಗಳು ಇಲ್ಲಿವೆ.

1. ನಿಮ್ಮ ಬಲಕ್ಕೆ ಸಾಣೆ ಹಿಡಿಯಿರಿ
ಅದಿತಿಯವರ ಡ್ರೈವ್ (ಮೊದಲ ಉದ್ದದ ಹೊಡೆತ) ಬಹಳ ದೂರ ಹೋಗುವುದಿಲ್ಲ. ಎದುರಾಳಿಗಳ ಚೆಂಡು ಎಷ್ಟೋ ಗಜ ಮುಂದೆ ಬಿದ್ದಿರುತ್ತದೆ. ಅವರು ಸಣ್ಣ ಐರನ್‌ನಲ್ಲಿ ಗ್ರೀನ್ (ಹೋಲ್ ಸುತ್ತಲಿನ ನುಣುಪು ಹುಲ್ಲು) ತಲುಪುವ ಕಡೆ ಇವರು ದೂರದ ಹೊಡೆತದ ಹೈಬ್ರಿಡ್ ಕ್ಲಬ್ ಹಿಡಿಯಬೇಕು. ಆದರೆ ಕೈಗೆ ಪಟರ್ (ಚೆಂಡನ್ನು ಹೋಲ್‌ನತ್ತ ಉರುಳಿಸುವ ಕ್ಲಬ್) ಬಂತೆಂದರೆ ಲೆಕ್ಕವೇ ಬೇರೆ: ಹೋಲ್ ಹತ್ತಿರದ ಶಾರ್ಟ್ ಗೇಮ್ ಅವರ ಬಲ. ಇಳಿಜಾರು ನೋಡಿ, ಗೆರೆ ಗೊತ್ತುಮಾಡಿ, ಚೆಂಡನ್ನು ಹೋಲ್‌ಗೆ ಇಳಿಸುತ್ತಾರೆ. ಟೋಕಿಯೋದ ನಾಲ್ಕು ಸುತ್ತುಗಳಲ್ಲಿ ಅವರ ಸ್ಕೋರ್ 67, 66, 68, 68 (ಗಾಲ್ಫ್‌ನಲ್ಲಿ ಸ್ಕೋರ್ ಕಡಿಮೆ ಇದ್ದಷ್ಟೂ ಒಳ್ಳೆಯದು). ನೆನಪಿಡಿ, 250 ಗಜದ ಡ್ರೈವೂ ಒಂದು ಸ್ಟ್ರೋಕ್, ಮೂರಡಿಯ ಪಟ್ಟೂ ಒಂದು ಸ್ಟ್ರೋಕ್. ಸಹೋದ್ಯೋಗಿ ಪ್ರೆಸೆಂಟೇಶನ್‌ನಲ್ಲಿ ಮಿಂಚುತ್ತಾರೆಯೇ? ಮಿಂಚಲಿ. ನಿಮ್ಮ ಎಕ್ಸೆಲ್ ಶೀಟ್‌ನಲ್ಲಿ ಒಂದು ತಪ್ಪೂ ಸಿಗದಂತೆ ನೋಡಿಕೊಳ್ಳಿ.

2. "ನಮ್ಮಂಥವರಿಗಲ್ಲ" ಎನ್ನುವುದನ್ನು ಬಿಡಿ
ಗಾಲ್ಫ್ ದುಡ್ಡಿದ್ದವರ ಆಟ ಎಂಬ ಮಾತಿದೆ. ಆದರೆ ಅದಿತಿಯ ಊರಾದ ಬೆಂಗಳೂರಿನಲ್ಲೇ ಕ್ಯಾಡಿಯಾಗಿ ಬೇರೆಯವರ ಬ್ಯಾಗ್ ಹೊತ್ತಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು, ಅದೂ ಪ್ಲೇಆಫ್‌ನಲ್ಲಿ. ಅಳುಕು ಬರೀ ಅಭ್ಯಾಸ. ಅಭ್ಯಾಸವನ್ನು ಬದಲಿಸಬಹುದು.

3. ಅರ್ಹತೆ ಸಿಕ್ಕ ದಿನವೇ ಕಣಕ್ಕಿಳಿಯಿರಿ
ಅದಿತಿ 17ನೇ ವಯಸ್ಸಿನಲ್ಲಿ ಲೇಡೀಸ್ ಯುರೋಪಿಯನ್ ಟೂರ್‌ನ ಅರ್ಹತಾ ಟೂರ್ನಿ ಗೆದ್ದರು, 2016ರ ಜನವರಿ 1ಕ್ಕೆ ಪ್ರೊಫೆಷನಲ್ ಆದರು. ಅದೇ ವರ್ಷದ ನವೆಂಬರ್‌ನಲ್ಲಿ ಗುರುಗ್ರಾಮದಲ್ಲಿ ಮಹಿಳಾ ಇಂಡಿಯನ್ ಓಪನ್ ಗೆದ್ದು, ಆ ಟೂರ್‌ನಲ್ಲಿ ಪ್ರಶಸ್ತಿ ಪಡೆದ ಮೊದಲ ಭಾರತೀಯ ಮಹಿಳೆ ಎನಿಸಿದರು. ಎಲ್ಲ ರೆಡಿಯಾಗಲಿ ಎಂದು ಕಾಯಬೇಡಿ.

4. ದುಡ್ಡಿನ ಲೆಕ್ಕ ಇಡಿ, ಜೊತೆಗಾರರನ್ನು ಆರಿಸಿ
ಗಾಲ್ಫ್ ಪ್ರೊಗೆ ತಿಂಗಳ ಸಂಬಳವಿಲ್ಲ. ಸಾಮಾನ್ಯವಾಗಿ ಮೊದಲ ಎರಡು ಸುತ್ತಿನ ನಂತರ ಕಟ್ ಬೀಳುತ್ತದೆ, ಹಿಂದುಳಿದವರು ಹೊರಗೆ. ಕಟ್ ತಪ್ಪಿದರೆ ಬಹುಮಾನದ ಹಣವಿಲ್ಲ, ವಿಮಾನ, ಹೋಟೆಲ್, ಕ್ಯಾಡಿ ಖರ್ಚು ಮಾತ್ರ ತಪ್ಪದು. ಆರು ತಿಂಗಳ ಖರ್ಚನ್ನು ಪಕ್ಕಕ್ಕಿಡಿ, ಆಮೇಲೆ ರಿಸ್ಕ್ ತೆಗೆದುಕೊಳ್ಳಿ. ಜೊತೆಗಾರರ ಆಯ್ಕೆಯೂ ಅಷ್ಟೇ ಮುಖ್ಯ: ರಿಯೋ ಒಲಿಂಪಿಕ್ಸ್‌ನಲ್ಲಿ ಅದಿತಿಯ ಬ್ಯಾಗ್ ಹೊತ್ತವರು ಅಪ್ಪ, ಟೋಕಿಯೋದಲ್ಲಿ ಅಮ್ಮ. ಒತ್ತಡದ ಹೊತ್ತಿನಲ್ಲಿ ನಿಮ್ಮ ತಲೆ ತಣ್ಣಗಿಡುವವರು ಯಾರು? ಅವರನ್ನೇ ಹತ್ತಿರ ಇಟ್ಟುಕೊಳ್ಳಿ.

5. ಕೆಟ್ಟ ದಿನವನ್ನು ಅಂದಿಗೇ ಮುಗಿಸಿ
ಹಾಂಗ್‌ಝೌ ಏಷ್ಯನ್ ಗೇಮ್ಸ್, 2023. ಮೂರು ಸುತ್ತು ಮುಗಿದಾಗ ಅದಿತಿಗೆ 7 ಸ್ಟ್ರೋಕ್‌ಗಳ ಮುನ್ನಡೆ. ಕೊನೆಯ ಸುತ್ತಿನಲ್ಲಿ 77 ಹೊಡೆದರು, ಚಿನ್ನ ಕೈಜಾರಿತು, ಬೆಳ್ಳಿ ಬಂತು. ನನ್ನ ದೃಷ್ಟಿಯಲ್ಲಿ ಈ ಕೆರಿಯರ್‌ನ ಅತಿ ದೊಡ್ಡ ಪಾಠ ಅದರ ನಂತರದ್ದು: ನವೆಂಬರ್‌ನಲ್ಲೇ ಸ್ಪ್ಯಾನಿಷ್ ಓಪನ್ ಗೆದ್ದರು. ಇಂಟರ್‌ವ್ಯೂ ಕೆಟ್ಟಿತೇ? ಎಡವಿದ ಪ್ರಶ್ನೆಗಳನ್ನು ರಾತ್ರಿಯೇ ಬರೆದಿಡಿ, ಬೆಳಿಗ್ಗೆ ಮುಂದಿನ ಅರ್ಜಿ ಹಾಕಿ.

6. ಸಹಿ ಹಾಕುವ ಮುನ್ನ ಓದಿ
ಒಂದು ಹೋಲ್‌ಗೆ ಹೊಡೆದದ್ದಕ್ಕಿಂತ ಕಡಿಮೆ ಸ್ಕೋರ್ ಬರೆದ ಕಾರ್ಡ್‌ಗೆ ಸಹಿ ಹಾಕಿ ಕೊಟ್ಟರೆ ಗಾಲ್ಫ್‌ನಲ್ಲಿ ಸಾಮಾನ್ಯವಾಗಿ ಅನರ್ಹತೆಯೇ ಶಿಕ್ಷೆ. ನಾಲ್ಕು ದಿನದ ಬೆವರು ಒಂದು ಅಂಕಿಗೆ ಹೋಗುತ್ತದೆ. ರಿಪೋರ್ಟ್ ಮೇಲ್ ಮಾಡುವ ಮುನ್ನ ಪ್ರತಿ ಸಾಲನ್ನೂ ಟ್ಯಾಲಿ ಮಾಡಿ.