ಬಿಸಿಲಿನಲ್ಲಿ ಕಪ್ಪಾಗುವ ಟೊಮೇಟೊ

ಟೊಮೇಟೊ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಕೆಂಪು ಹಣ್ಣು. ಆದರೆ ಬದನೆಕಾಯಿಯಂತೆ ಕಡುನೇರಳೆಯಾದ, ಬಹುಮಟ್ಟಿಗೆ ಕಪ್ಪೆಂದೇ ಹೇಳಬಹುದಾದ ಸಿಪ್ಪೆಯುಳ್ಳ ತಳಿಯೊಂದುಂಟು. ಅದರ ಹೆಸರು ‘ಇಂಡಿಗೊ ರೋಸ್’. ಅಮೆರಿಕದ ಆರಿಗನ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಜಿಮ್ ಮೈಯರ್ಸ್ ಎಂಬ ವಿಜ್ಞಾನಿ ಇದನ್ನು ರೂಪಿಸಿದರು. 2012ರಲ್ಲಿ ಇದು ಬೆಳೆಗಾರರ ಕೈಸೇರಿತು. ಈ ಕಪ್ಪು ಬಣ್ಣ ಬಂದುದು ಬೀಜದಿಂದಲೋ ಬಿಸಿಲಿನಿಂದಲೋ? ಈ ಪ್ರಶ್ನೆಯನ್ನು ಗಿಡವನ್ನೇ ಕೇಳೋಣ.

ಮೊದಲು ವಂಶದ ವಿಚಾರ. ಬದನೆಕಾಯಿಗೂ ನೇರಳೆಹಣ್ಣಿಗೂ ಬಣ್ಣ ಕೊಡುವುದು ಆಂಥೋಸಯನಿನ್ ಎಂಬ ವರ್ಗದ ವರ್ಣದ್ರವ್ಯ. ಸಾಧಾರಣ ಟೊಮೇಟೊ ಹಣ್ಣಿನಲ್ಲಿ ಇದು ಕಣ್ಣಿಗೆ ಕಾಣುವಷ್ಟು ಇರುವುದಿಲ್ಲ. ಚಿಲಿ ದೇಶದ ಒಣಭೂಮಿಯಲ್ಲಿ ಬೆಳೆಯುವ ಒಂದು ಕಾಡುಜಾತಿ, ಗ್ಯಾಲಪಗೋಸ್ ದ್ವೀಪಗಳ ಇನ್ನೊಂದು ಕಾಡುಜಾತಿ, ಈ ಎರಡರಿಂದಲೂ ಒಂದೊಂದು ಜೀನು ಸಂಕರಣದ ಮೂಲಕ ಈ ತಳಿಗೆ ಬಂದಿದೆ. ಒಂದೇ ಜೀನು ಇದ್ದರೆ ಬಣ್ಣ ಅಲ್ಪ; ಎರಡೂ ಕೂಡಿದರೆ ಗಾಢ.

ಇನ್ನು ಬೇಸಾಯ. ಆರಿಗನ್ನಿನಂತಹ ಶೀತಪ್ರದೇಶದಲ್ಲಿ ಹಿಮ ಬೀಳುವ ಕಾಲ ಮುಗಿಯಲು ಸುಮಾರು ಆರು ವಾರಗಳಿರುವಾಗ ಮನೆಯೊಳಗೆ ಬೀಜ ಬಿತ್ತುತ್ತಾರೆ. ಕಾಲು ಅಂಗುಲ ಆಳ ಸಾಕು. ಮಣ್ಣಿನ ಉಷ್ಣತೆ 21ರಿಂದ 27 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಂದು ವಾರದ ಸುಮಾರಿಗೆ ಮೊಳಕೆ ಬರುವುದು. ಹಿಮದ ಭಯ ಕಳೆದ ಮೇಲೆ ಸಸಿಗಳನ್ನು ಎರಡು ಅಡಿಗೊಂದರಂತೆ ಪೂರ್ಣ ಬಿಸಿಲಿನಲ್ಲಿ ನೆಟ್ಟು, ಆಸರೆಗೆ ಕೋಲು ಕೊಡಬೇಕು. ಮುಂದೆ ಸುಮಾರು ಎರಡೂವರೆ ತಿಂಗಳಿಗೆ ಹಣ್ಣು ದೊರೆಯುವುದು.

ಕಾಯಿ ಇನ್ನೂ ಎಳೆಯದಾಗಿರುವಾಗಲೇ ಬಿಸಿಲು ತಾಗುವ ಭಾಗ ಕಪ್ಪಾಗತೊಡಗುತ್ತದೆ. ಇದಕ್ಕೆ ಕಾರಣವೇನು? ಆಂಥೋಸಯನಿನ್ ಮುಖ್ಯವಾಗಿ ಬೆಳಕಿನ ಹಸುರು ಭಾಗವನ್ನು ಹೀರುತ್ತದೆ. ಅದರ ಕೆಳಗಿರುವ ಪತ್ರಹರಿತ್ತು ಕೆಂಪನ್ನೂ ನೀಲಿಯನ್ನೂ ಹೀರುತ್ತದೆ. ನಮ್ಮ ಕಣ್ಣಿಗೆ ಮರಳಿ ಬರುವ ಬೆಳಕು ಬಹು ಕಡಮೆ. ಆದುದರಿಂದಲೇ ಕಾಯಿ ಕಪ್ಪಾಗಿ ಕಾಣುವುದು. ತೊಟ್ಟಿನ ಎಸಳುಗಳ ನೆರಳಿನಲ್ಲಿರುವ ಸಿಪ್ಪೆ ಮಾತ್ರ ಹಸುರಾಗಿಯೇ ಉಳಿಯುತ್ತದೆ.

ಇದನ್ನು ಒಂದು ಸುಲಭ ಪ್ರಯೋಗದಿಂದ ಪರೀಕ್ಷಿಸಬಹುದು. ಎಳೆಯ ಹಸುರು ಕಾಯಿಯೊಂದಕ್ಕೆ ಅಲ್ಯೂಮಿನಿಯಂ ಹಾಳೆಯ ಪಟ್ಟಿಯನ್ನು ಸಡಿಲವಾಗಿ ಸುತ್ತೋಣ. ಕಪ್ಪು ಕಾಗದ ಬೇಡ. ಅದು ಬಿಸಿಲನ್ನು ಹೀರಿ ಕಾಯಿಯನ್ನು ಕಾಯಿಸುವುದರಿಂದ, ಪರಿಣಾಮ ಕತ್ತಲೆಯದೋ ಶಾಖದ್ದೋ ತಿಳಿಯದು. ಇನ್ನೊಂದು ಕಾಯಿಗೆ ಪಾರದರ್ಶಕ ಹಾಳೆಯನ್ನು ಹಾಗೆಯೇ ಸುತ್ತೋಣ. ಬೆಳಕೇ ಕಾರಣವಾಗಿದ್ದರೆ ಮೊದಲನೆಯದರಲ್ಲಿ ಮಾತ್ರ ಪಟ್ಟಿಯ ಗುರುತು ಮೂಡಬೇಕು. ಈ ಎರಡನೆಯ ಕಾಯಿಯ ಹೋಲಿಕೆಯಿಲ್ಲದೆ ನಮ್ಮ ತೀರ್ಮಾನಕ್ಕೆ ಬಲವಿರುವುದಿಲ್ಲ.

ಕಪ್ಪಾಯಿತೆಂದು ಕಾಯಿಯನ್ನು ಕೀಳಬಾರದು. ಕಪ್ಪು ಬಣ್ಣ ಬೆಳಕಿನ ಗುರುತೇ ಹೊರತು ಪಕ್ವತೆಯ ಗುರುತಲ್ಲ. ನೆರಳಿನ ಭಾಗ ಹಸುರಿನಿಂದ ಕೆಂಪಿಗೆ ತಿರುಗಿ, ಸಿಪ್ಪೆಯ ಹೊಳಪು ಕುಂದಿ, ಹಣ್ಣು ಮೆತ್ತಗಾದಾಗಲೇ ಕೊಯ್ಲಿನ ಕಾಲ. ಒಳಗಿನ ತಿರುಳು ಕೆಂಪಾಗಿಯೇ ಇರುತ್ತದೆ. ಅಲ್ಲಿರುವುದು ಎಲ್ಲ ಕೆಂಪು ಟೊಮೇಟೊಗಳಲ್ಲಿರುವ ಲೈಕೊಪೀನ್.

ಕಡೆಯದಾಗಿ ಬೀಜ. ಹಣ್ಣಿನ ರಸದೊಡನೆ ಬೀಜವನ್ನು ಎರಡು ಮೂರು ದಿನ ಹುಳಿಯಲು ಬಿಟ್ಟು, ತೊಳೆದು, ನೆರಳಿನಲ್ಲಿ ಒಣಗಿಸಬೇಕು. ಟೊಮೇಟೊ ಹೂವು ಸಾಮಾನ್ಯವಾಗಿ ತನ್ನ ಪರಾಗದಿಂದಲೇ ಫಲಿಸುವುದರಿಂದ ಈ ತಳಿಯ ಗುಣ ಮುಂದಿನ ಪೀಳಿಗೆಯಲ್ಲಿಯೂ ಉಳಿಯುತ್ತದೆ. ಹಾಳೆಯಿಂದ ಪೂರ್ತಿ ಮುಚ್ಚಿ ಕೆಂಪಾಗಿ ಮಾಗಿಸಿದ ಹಣ್ಣಿನ ಬೀಜವನ್ನು ಬಿತ್ತಿದರೂ, ಹುಟ್ಟಿದ ಗಿಡದ ಕಾಯಿಗಳು ಬಿಸಿಲಿನಲ್ಲಿ ಮತ್ತೆ ಕಪ್ಪಾಗುತ್ತವೆ. ಹೀಗೆ ನಮ್ಮ ಪ್ರಶ್ನೆಗೆ ಉತ್ತರ ದೊರೆಯಿತು. ಬೀಜದಿಂದ ಬರುವುದು ಬಣ್ಣವಲ್ಲ, ಬಣ್ಣ ಕಟ್ಟುವ ಶಕ್ತಿ; ಆ ಶಕ್ತಿಯನ್ನು ಹೊರತರುವುದು ಬೆಳಕು. ಎರಡರಲ್ಲಿ ಯಾವುದು ಇಲ್ಲದಿದ್ದರೂ ಟೊಮೇಟೊ ಕೆಂಪೇ.