ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಮ್ಮೆಲೇ ಹತ್ತಿದರೆ

ವಾರಗಟ್ಟಲೆ ಶೆಡ್ಡಿನಲ್ಲಿ ನಿಂತಿದ್ದ ಕಾರಿನ ಚಾವಿ ತಿರುಗಿಸಿದರೆ ಎಬಿಎಸ್, ಏರ್‌ಬ್ಯಾಗ್, ಪವರ್ ಸ್ಟೀರಿಂಗ್, ಎಂಜಿನ್ ಎಲ್ಲದರ ದೀಪವೂ ಹತ್ತಿ, ಆರುವುದೇ ಇಲ್ಲ. ನಾಲ್ಕೂ ಒಮ್ಮೆಲೇ ಕೆಡುವುದು ತೀರಾ ಅಪರೂಪ. ಅವು ಪರಸ್ಪರ ಸಂದೇಶ ಕಳಿಸುವ ವೈರಿನಲ್ಲಿ, ಇಲ್ಲವೇ ಬ್ಯಾಟರಿಯಲ್ಲಿ ತೊಂದರೆ ಇರುವ ಸಂಭವವೇ ಹೆಚ್ಚು. ಹೊಲದಲ್ಲಿ ಹನಿ ನೀರಾವರಿಯ ಪೈಪು ಕಡಿಯುವ ಇಲಿಗೆ ಕಾರಿನ ವೈರೂ ಒಂದೇ. ಬಾನೆಟ್ ಒಳಗಿನ ಬೆಚ್ಚನೆ ಜಾಗ ಅದಕ್ಕೆ ಬಲು ಇಷ್ಟ.

ಈಗಿನ ಕಾರುಗಳಲ್ಲಿ ಎಂಜಿನ್, ಬ್ರೇಕ್, ಗೇರ್, ಸ್ಟೀರಿಂಗ್, ಮೀಟರ್ ಒಂದೊಂದಕ್ಕೂ ಬೇರೆ ಬೇರೆ ಕಂಟ್ರೋಲ್ ಮಾಡ್ಯೂಲ್ ಇರುತ್ತದೆ. ಇವನ್ನು ಜೋಡಿಸುವುದು ಒಂದಕ್ಕೊಂದು ಹೆಣೆದ ಎರಡು ಸಣ್ಣ ವೈರು. ಇದೇ ಕ್ಯಾನ್ ಜಾಲ. ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಇದನ್ನು ಪ್ರಕಟಿಸಿತು. ಎರಡರಲ್ಲಿ ಒಂದು ತುಂಡಾದರೂ ಗದ್ದಲ ಶುರು. ಆಗ ಕೆಲವು ಗ್ಯಾರೇಜುಗಳಲ್ಲಿ ಬರುವ ಮೊದಲ ಮಾತು ‘ಇಸಿಯು (ಎಂಜಿನ್ ಕಂಟ್ರೋಲ್ ಮಾಡ್ಯೂಲ್) ಹೋಗಿದೆ, ಬದಲಿಸಬೇಕು’. ಆ ಮಾತಿಗೆ ಒಪ್ಪುವ ಮುನ್ನ ಮುಂದಿನದನ್ನು ನೋಡಿ. ಪಂಪ್‌ಸೆಟ್ ಸ್ಟಾರ್ಟರ್ ಪರೀಕ್ಷಿಸಲು ಇಟ್ಟುಕೊಂಡ ಡಿಜಿಟಲ್ ಮೀಟರೇ ಇದರ ಬಹುಪಾಲಿಗೆ ಸಾಕು.

ಮೊದಲು ಬ್ಯಾಟರಿ. ಎಂಜಿನ್ ಬಂದ್ ಇದ್ದಾಗ 12.4ರಿಂದ 12.6 ವೋಲ್ಟ್, ಓಡುವಾಗ 13.5ರಿಂದ 14.5 ಇರಬೇಕು. ಸ್ಟಾರ್ಟ್ ಮಾಡುವ ಕ್ಷಣದಲ್ಲಿ 9–10ಕ್ಕಿಂತ ಕೆಳಗಿಳಿದರೆ ಕೆಲವು ಮಾಡ್ಯೂಲ್‌ಗಳು ಅರೆಗಳಿಗೆ ಸುಮ್ಮನಾಗುತ್ತವೆ, ಉಳಿದವು ‘ಸಂಪರ್ಕ ತಪ್ಪಿತು’ ಎಂದು ಕೋಡ್ ದಾಖಲಿಸುತ್ತವೆ. ಹಳೇ ಬ್ಯಾಟರಿ ಬದಲಿಸಿದ ಮೇಲೆ ಹತ್ತಾರು ಕೋಡ್ ಮಾಯವಾಗುವುದು ಇದಕ್ಕೇ. ಹಾಗೆಯೇ ನೆಗೆಟಿವ್ ಕೇಬಲ್ ಬಾಡಿಗೆ ಕೂಡುವ ಬೋಲ್ಟನ್ನೂ ನೋಡಿ. ಇಳಕಲ್ ಕಡೆಯ ಕಲ್ಲುಕ್ವಾರಿ ರಸ್ತೆಯಲ್ಲಿ ದಿನವೂ ಓಡುವ ಗಾಡಿಯಾದರೆ ಅದು ಸಡಿಲಾಗಿರಬಹುದು, ಇಲ್ಲವೇ ದೂಳು, ತುಕ್ಕು ಹಿಡಿದಿರಬಹುದು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ನೆಗೆಟಿವ್‌ಗೂ ಬಾಡಿಗೂ ಮೀಟರ್ ಹಿಡಿಯಿರಿ. 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ಸರಿ ಇಲ್ಲ.

ಆಮೇಲೆ ಸ್ಕ್ಯಾನರ್. ಎಂಜಿನ್ ಒಂದನ್ನೇ ಓದುವ ಅಗ್ಗದ ಬ್ಲೂಟೂತ್ ಯಂತ್ರದಿಂದ ಇಲ್ಲಿ ಉಪಯೋಗವಿಲ್ಲ. ಎಲ್ಲ ಮಾಡ್ಯೂಲ್‌ಗಳನ್ನೂ ಓದುವ ಯಂತ್ರ ಇರುವ ಗ್ಯಾರೇಜನ್ನು ಇಳಕಲ್‌ನಲ್ಲೋ ಬಾಗಲಕೋಟೆಯಲ್ಲೋ ಹುಡುಕಿ. ಸಂಪರ್ಕ ದೋಷದ ಕೋಡ್‌ಗಳು ‘ಯು’ ಅಕ್ಷರದಿಂದ ಶುರುವಾಗುತ್ತವೆ. ಯು0100 ಎಂಜಿನ್ ಮಾಡ್ಯೂಲ್‌ನದು, ಯು0101 ಗೇರ್‌ನದು, ಯು0121 ಎಬಿಎಸ್‌ನದು, ಯು0155 ಮೀಟರ್‌ನದು. ಎಡವುವುದು ಇಲ್ಲಿಯೇ. ಯು0121 ಕೋಡ್ ಎಂಜಿನ್ ಮಾಡ್ಯೂಲ್‌ನಲ್ಲಿ ಸಿಕ್ಕಿದೆ ಎಂದರೆ ಎಂಜಿನ್ ಮಾಡ್ಯೂಲ್ ಕೆಟ್ಟಿದೆ ಎಂದಲ್ಲ. ಎಬಿಎಸ್‌ನಿಂದ ಅದಕ್ಕೆ ಸಂದೇಶ ಬರುತ್ತಿಲ್ಲ ಎಂದರ್ಥ. ಯಾವ ಮಾಡ್ಯೂಲ್ ಉತ್ತರ ಕೊಟ್ಟಿತು, ಯಾವುದು ಕೊಡಲಿಲ್ಲ ಎಂದು ಹಾಳೆಯ ಮೇಲೆ ಬರೆದುಕೊಳ್ಳಿ. ಎಲ್ಲವೂ ಎಬಿಎಸ್ ಒಂದರ ಮೇಲೇ ದೂರುತ್ತಿದ್ದು, ಎಬಿಎಸ್ ಸ್ಕ್ಯಾನರಿಗೆ ಉತ್ತರಿಸದಿದ್ದರೆ ಮೊದಲು ಅದರ ಫ್ಯೂಸ್, ಅದಕ್ಕೆ ಬರುವ ಪವರ್, ಅದರ ಅರ್ಥಿಂಗ್ ನೋಡಿ. ಯಾವುದೂ ಉತ್ತರಿಸದಿದ್ದರೆ ಜಾಲದಲ್ಲೇ ದೋಷ.

ಆಗ ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ ಹುಡುಕಿ. ಅದರ ಅಗಲ ಅಂಚು ಮೇಲಿದ್ದಾಗ ಮೇಲಿನ ಸಾಲಿನ ಎಡದಿಂದ ಆರನೆಯ ಪಿನ್ ಕ್ಯಾನ್ ಹೈ, ನೇರ ಕೆಳಗಿನ 14ನೆಯದು ಕ್ಯಾನ್ ಲೋ. ಚಾವಿ ತೆಗೆದು, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕೆಲವು ನಿಮಿಷ ಕಾಯ್ದು, ಈ ಎರಡರ ನಡುವಿನ ರೋಧ ಅಳೆಯಿರಿ. ಬ್ಯಾಟರಿ ಜೋಡಿಸಿಟ್ಟೇ ಅಳೆದರೆ ಬರುವ ಅಂಕಿ ಸುಳ್ಳು.

ಜಾಲದ ಎರಡು ತುದಿಗಳಲ್ಲಿ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುತ್ತದೆ. ಎರಡೂ ಸಮಾನಾಂತರ, ಆದ್ದರಿಂದ ಸುಮಾರು 60 ಓಮ್ ಬರಬೇಕು. 120 ಬಂದರೆ ಒಂದು ತುದಿಯ ರೆಸಿಸ್ಟರ್ ಇಲ್ಲ, ಇಲ್ಲವೇ ಮಧ್ಯೆ ವೈರು ತುಂಡಾಗಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ವೈರೂ ಕೂಡಿವೆ. 40 ಬಂದರೆ ಹೊರಗಿನಿಂದ ಜೋಡಿಸಿದ ಯಾವುದಾದರೂ ಸಾಧನವನ್ನು ಶಂಕಿಸಿ. ಗೇಟ್‌ವೇ ಮಾಡ್ಯೂಲ್ ಇರುವ ಕಾರುಗಳಲ್ಲಿ ಈ ಸಾಕೆಟ್ಟಿಗೂ ಒಳಗಿನ ಜಾಲಕ್ಕೂ ನೇರ ಸಂಬಂಧ ಇರುವುದಿಲ್ಲ. ಅಲ್ಲಿ ಆ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್ ನೋಡದೆ ತೀರ್ಮಾನ ಮಾಡಬಾರದು.

ನಂತರ ಬ್ಯಾಟರಿ ಜೋಡಿಸಿ, ಚಾವಿ ಆನ್ ಮಾಡಿ, ಒಂದೊಂದು ಪಿನ್ನನ್ನೂ ನಾಲ್ಕನೆಯ ಪಿನ್ನಿನ ಅರ್ಥಿಂಗ್‌ಗೆ ಹೋಲಿಸಿ ವೋಲ್ಟ್ ನೋಡಿ. ಹೈ 2.5ಕ್ಕಿಂತ ಸ್ವಲ್ಪ ಮೇಲೆ, ಲೋ ಸ್ವಲ್ಪ ಕೆಳಗೆ, ಎರಡೂ ಕೂಡಿ ಹೆಚ್ಚೂಕಡಿಮೆ 5 ಆಗಬೇಕು. ಒಂದರಲ್ಲಿ 12 ವೋಲ್ಟ್ ಕಂಡರೆ ಪವರ್ ವೈರಿಗೆ ತಾಗಿದೆ. ಸೊನ್ನೆ ಕಂಡರೆ ಬಾಡಿಗೆ ತಾಗಿರಬಹುದು. ಜಾಲವೇ ಸ್ತಬ್ಧವಾಗಿದ್ದರೆ ಮಾಡ್ಯೂಲ್‌ಗಳ ಸಾಕೆಟ್‌ಗಳನ್ನು ಒಂದೊಂದಾಗಿ ಬಿಚ್ಚುತ್ತ ಹೋಗಿ. ಬಿಚ್ಚುವ ಮುನ್ನ ಪ್ರತಿಸಲ ಚಾವಿ ಆಫ್ ಇರಲಿ. ಯಾವುದನ್ನು ಬಿಚ್ಚಿದಾಗ ಉಳಿದವು ಸ್ಕ್ಯಾನರಿಗೆ ಉತ್ತರ ಕೊಡತೊಡಗುತ್ತವೋ ಅದರಲ್ಲೋ ಅದರ ವೈರಿನಲ್ಲೋ ದೋಷವಿದೆ. ಹಳದಿ ಕನೆಕ್ಟರುಗಳು ಏರ್‌ಬ್ಯಾಗಿನವು, ಅವನ್ನು ಮುಟ್ಟಬೇಡಿ. ಬಲ್ಬಿನ ಟೆಸ್ಟ್ ಲ್ಯಾಂಪನ್ನು ಕ್ಯಾನ್ ವೈರಿಗೆ ಹಿಡಿಯಲೇಬೇಡಿ.

ನನ್ನ ಕೇಳಿದರೆ, ಮಾಡ್ಯೂಲ್ ಬಿಚ್ಚುವ ಮುನ್ನ ಮೂರು ಕಡೆ ಕಣ್ಣಾಡಿಸಿ. ಹೊರಗೆ ಹಾಕಿಸಿದ ಜಿಪಿಎಸ್ ಟ್ರ್ಯಾಕರ್, ಮ್ಯೂಸಿಕ್ ಸಿಸ್ಟಂ, ಅಲಾರಂಗಳನ್ನು ಬಿಚ್ಚಿಟ್ಟು ನೋಡಿ. ಮುಂದಿನ ಸೀಟಿನ ಕಾಲ ಬಳಿಯ ಕಾರ್ಪೆಟ್ ಎತ್ತಿ ನೋಡಿ, ಕೆಳಗೆ ತೇವ ಇದ್ದರೆ ಕನೆಕ್ಟರಿನ ಪಿನ್ನಿನಲ್ಲಿ ಹಸಿರು ಕಿಲುಬು ಇರಬಹುದು. ಇಲಿ ಕಡಿದಿದ್ದರೆ, ಬಾನೆಟ್ ತೆಗೆದು ಟಾರ್ಚ್ ಹಿಡಿದಾಗ ವೈರಿನ ಮೇಲೆ ಹಲ್ಲಿನ ಗುರುತು ಕಾಣಬಹುದು.

ತುಂಡಾದ ವೈರನ್ನು ಬರೀ ತಿರುಚಿ ಟೇಪು ಸುತ್ತಿದರೆ ಮಳೆಗಾಲದಲ್ಲಿ ಮತ್ತೆ ಬರುತ್ತೀರಿ. ಬೆಸುಗೆ ಹಾಕಿ, ಹೀಟ್ ಸ್ಲೀವ್ ಹಾಕಿ, ಎರಡು ವೈರನ್ನೂ ಮೊದಲಿನಂತೆಯೇ ಹೆಣೆಯಿರಿ, ಆ ಹೆಣಿಗೆಯೇ ಹೊರಗಿನ ವಿದ್ಯುತ್ ಗದ್ದಲವನ್ನು ತಡೆಯುವುದು. ನಂತರ ಕೋಡ್ ಅಳಿಸಿ, ಹುನಗುಂದದಿಂದ ಅಮೀನಗಡದವರೆಗೆ ಒಂದು ಸುತ್ತು ಓಡಿಸಿ, ಮತ್ತೆ ಸ್ಕ್ಯಾನ್ ಮಾಡಿ. ಕುಲುಕಿದ ಮೇಲೂ ‘ಯು’ ಕೋಡ್ ಬರದಿದ್ದರೆ ಮಾತ್ರ ಗ್ಯಾರೇಜಿನವರಿಗೆ ದುಡ್ಡು ಕೊಡಿ.